ಫೋನಿನೊಳಗಿನ ಹೆಂಗಸಿಗೆ ಒಂದೆಲೆ ಊಟ

ರಾತ್ರಿ ಇದನ್ನು ಬರೆಯಲು ಕೂತು ಎರಡು ಸಾಲೂ ಆಗಿರಲಿಲ್ಲ, ಒಳಗಿನಿಂದ ಅತ್ತೆ ಕೂಗಿದರು. ಎದ್ದು ಹೋದೆ. ಅತ್ತೆ ಗೋಡೆ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ ಕೇಳಿದರೆ, "ನಾನ್ಯಾಕ್ ಕೂಗ್ಲಿ? ಒಳ್ಳೇ ನಿದ್ದೆ ಕೆಡಿಸ್ಬಿಟ್ಟೆ" ಅಂತ ನನಗೇ ಬೈದರು. ಈ ಮನೆಯಲ್ಲಿ ಕೂಗುವವರು ಸಾಲದು ಅಂತ ಕೂಗದೇ ಇರುವವರೂ ನನ್ನ ಕೆಲಸ ಕೆಡಿಸುತ್ತಾರೆ. ಇಂಥದ್ದು ಒಂದು ಸಲ ಆದರೆ ಮರೆತುಬಿಡಬಹುದಿತ್ತು. ವಾರಕ್ಕೆ ಎರಡು ಸಲವಾದರೂ ಏನಾದರೊಂದು ಆಗುತ್ತಲೇ ಇರುತ್ತದೆ, ಅದೂ ಹೆಚ್ಚಾಗಿ ನಾನು ಫೋನಿನಲ್ಲಿ ಆಟ ಆಡುವಾಗ.

ಆಟ ಅಂದರೆ ದೆವ್ವದ ಆಟ. ಅರಿಶಿನಕುಂಟೆಯಲ್ಲಿ ಹೆದ್ದಾರಿ ಪಕ್ಕ ನಮ್ಮ ಮನೆ. ನಮ್ಮನೆಯವರು ಗೋಡೌನಿನಲ್ಲಿ ಲೋಡಿಂಗ್ ನೋಡಿಕೊಳ್ಳುತ್ತಾರೆ, ಮಗಳು ಒಂದನೇ ಕ್ಲಾಸು. ಎರಡು ಗಂಟೆಗೆ ಅತ್ತೆ ಮಲಗಿದರೆ, ಸ್ಕೂಲ್ ವ್ಯಾನ್ ಬರುವವರೆಗೆ ಒಂದೂವರೆ ಗಂಟೆ ನನ್ನದಾಗಿತ್ತು. ಕರ್ಟನ್ ಎಳೆದು ಕೂತುಬಿಡುತ್ತಿದ್ದೆ. ದೆವ್ವದ್ದೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಉಳಿದ ಹೊತ್ತೆಲ್ಲ ಈ ಮನೆಯವರೆಲ್ಲ ನನ್ನನ್ನು ಹುಡುಕುತ್ತಾರೆ. ಸಾಕ್ಸ್ ಎಲ್ಲಿ, ಚಾರ್ಜರ್ ಎಲ್ಲಿ, ಬಿಪಿ ಮಾತ್ರೆ ಎಲ್ಲಿ. ಆ ಆಟದಲ್ಲಿ ನನ್ನನ್ನು ಹುಡುಕುವವಳು ಒಬ್ಬಳೇ. ಅವಳು ಸಾಕ್ಸ್ ಕೇಳುವುದಿಲ್ಲ.

ಗೋಡೆಯೊಳಗಿನವಳು

ಒಂದು ದಿನ ಸ್ಕೂಲಿನ ಮಿಸ್ ನಮ್ಮಿಬ್ಬರನ್ನೂ ಬರಹೇಳಿದರು. ಮಕ್ಕಳಿಗೆ 'ನನ್ನ ಮನೆ' ಅಂತ ಚಿತ್ರ ಬರೆಯಲು ಕೊಟ್ಟಿದ್ದರಂತೆ. ನಮ್ಮ ಮಗಳು ಅಪ್ಪ, ಅಮ್ಮ, ಅಜ್ಜಿ ಮೂವರನ್ನೂ ಬರೆದಿದ್ದಳು. ಅಜ್ಜಿಯ ಹಿಂದಿನ ಗೋಡೆಯಿಂದ ಇನ್ನೊಬ್ಬ ಹೆಂಗಸು ಅರ್ಧ ಆಚೆ ಬಂದಿದ್ದಳು. ಕೂದಲು ನೆಲದವರೆಗೆ.

"ಇದ್ಯಾರು ಪುಟ್ಟಾ ಅಂತ ಕೇಳ್ದೆ" ಅಂದರು ಮಿಸ್. "ಅಮ್ಮನ ಫ್ರೆಂಡು, ಮಧ್ಯಾಹ್ನ ಬರ್ತಾಳೆ, ಅವಳಿಗೆ ಕಣ್ಣಿಲ್ಲ ಅಂತಾಳೆ. ಮೇಡಂ, ಮನೇಲಿ ಎಲ್ಲಾ ಸರಿಯಾಗಿದೀರಲ್ವಾ?"

ನಾನು ನಕ್ಕೆ. ನಮ್ಮನೆಯವರು ನಗಲಿಲ್ಲ. ಅದೇ ವಾರ ಮಗಳು ಬಚ್ಚಲಲ್ಲಿ ಬಕೆಟ್ ನೋಡಿ ಎರಡು ಸಲ ಕಿರುಚಿದ್ದಳು. ಮನೆಗೆ ಬಂದವರೇ ನಮ್ಮನೆಯವರು ಕಾನೂನು ಮಾಡಿದರು. "ಇನ್ನೊಂದ್ಸಲ ಈ ಮನೇಲಿ ಯಾರಾದ್ರೂ ಕಿರುಚಿದ್ದು ಕೇಳಿಸ್ಲಿ, ಆ ಫೋನ್ ಕಿತ್ಕೊಂಡು ಬಟನ್ ಫೋನ್ ಕೊಡ್ತೀನಿ."

"ಯಾರಾದ್ರೂ ಅಂದ್ರೆ?"

"ಯಾರೇ ಆಗ್ಲಿ."

"ನಿಮ್ಮಮ್ಮ ಪಕ್ಕದ ಮನೆಯವರ ಮೇಲೆ ಕಿರುಚ್ತಾರಲ್ಲ, ಅದೂ ಲೆಕ್ಕಕ್ಕೆ ಬರುತ್ತಾ?"

"ಹೆದರಿ ಕಿರುಚಿದ್ರೆ ಮಾತ್ರ."

ಹೀಗೆ ಕಾನೂನು ಸ್ಪಷ್ಟವಾಯಿತು. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದವಳು ನಾನು. ನಾನಾಗಿ ಒತ್ತಿದರೆ ತೆರೆಯುವ ವಸ್ತು ಈ ಮನೆಯಲ್ಲಿ ಆ ಫೋನೊಂದೇ. ಅದೂ ಹೋದರೆ ಉಳಿಯುವುದು ಕುಕ್ಕರ್. ಅದನ್ನು ಒತ್ತಿದರೂ ಕೂಗುತ್ತದೆ.

ಆ ಚಿತ್ರದಲ್ಲಿ ನನಗಿದ್ದ ತಕರಾರು ಬೇರೆ. ಕಣ್ಣಿಲ್ಲದವಳು ನಗುತ್ತಿದ್ದಳು. ನನ್ನ ಮುಖಕ್ಕೆ ಮಾತ್ರ ಮಗಳು ಬಾಯಿಯನ್ನು ಉಲ್ಟಾ ಬರೆದಿದ್ದಳು.

ಅಲ್ಲಾಡಿದರೆ ಸತ್ತೆ

ಕಾನೂನು ಬಂದ ಮೇಲೆ ಇಯರ್‌ಫೋನ್ ಹಾಕಿ ಸದ್ದಿಲ್ಲದ ಆಟ ಹುಡುಕಿದೆ. ಸಿಕ್ಕಿತು. ಅದರಲ್ಲಿ ಒಬ್ಬ ಕುರುಡ ಮುದುಕ ಮನೆಯೊಳಗೆ ಓಡಾಡುತ್ತಾನೆ. ನಾವು ಮಂಚದ ಪಕ್ಕ ಕೂತಿರಬೇಕು. ಫೋನು ಅಲ್ಲಾಡಿದರೆ ಅವನಿಗೆ ಗೊತ್ತಾಗುತ್ತದೆ. ಮೈಕಿಗೆ ಉಸಿರಿನ ಸದ್ದು ಬಿದ್ದರೂ ಗೊತ್ತಾಗುತ್ತದೆ. ಮಕ್ಕಳನ್ನು ಮಲಗಿಸಿ ಅಭ್ಯಾಸವಿರುವ ಹೆಂಗಸರು ಈ ಆಟ ಚೆನ್ನಾಗಿ ಆಡಬಲ್ಲರು.

ಮುದುಕ ನನ್ನ ಪಕ್ಕಕ್ಕೇ ಬಂದು ನಿಂತಿದ್ದ. ಅದೇ ಹೊತ್ತಿಗೆ ಪಕ್ಕದ ಮನೆಯವಳು ಲೋಟ ಹಿಡಿದು ಹೆಪ್ಪಿಗೆ ಮೊಸರು ಕೇಳಲು ಬಂದಳು. ಬಾಗಿಲಲ್ಲಿ ಕರೆದಳಂತೆ, ನನಗೆ ಕೇಳಲಿಲ್ಲ. ಒಳಗೆ ಬಂದಳು. ಕತ್ತಲ ಕೋಣೆಯಲ್ಲಿ ನಾನು ಮಂಚಕ್ಕೆ ಒರಗಿ ನೆಲದ ಮೇಲೆ ಕೂತಿದ್ದೇನೆ, ಮುಖದ ಮೇಲೆ ನೀಲಿ ಬೆಳಕು, ಕಣ್ಣು ಬಿಟ್ಟಿದ್ದೇನೆ, ಉಸಿರಾಡುತ್ತಿಲ್ಲ. ಅವಳು ಬಂದದ್ದು ನನಗೆ ಗೊತ್ತಾಯಿತು. ಆದರೆ ಅಲ್ಲಾಡಿದರೆ ಸಾಯುತ್ತೇನಲ್ಲ! ಕಣ್ಣುಗುಡ್ಡೆ ಮಾತ್ರ ನಿಧಾನವಾಗಿ ಅವಳ ಕಡೆ ತಿರುಗಿಸಿದೆ.

ಮಾರನೇ ದಿನ ಬೀದಿಯ ತುಂಬ ಸುದ್ದಿ, ನನಗೆ ಗಾಳಿ ಸೋಕಿದೆ ಅಂತ. ಇಬ್ಬರು ಬಂದು ಕರಿದಾರ ಕೊಟ್ಟು ಹೋದರು. ಒಬ್ಬಳು ನಿಂಬೆಹಣ್ಣು ನಿವಾಳಿಸಿದಳು.

"ಅವಳು ಪಾಪ ಹೆದರಿ ಓಡೋಗವ್ಳೆ ಕಣೇ, ಚಪ್ಪಲಿ ಇಲ್ಲೇ ಬಿಟ್ಟವ್ಳೆ" ಅಂದರು ಅತ್ತೆ.

ಹೆದರಿದ್ದು ನಿಜವೇ ಇರಬಹುದು. ಆದರೆ ಅಡುಗೆಮನೆಗೆ ಹೋಗಿ ನೋಡಿದರೆ ಮೊಸರಿನ ಪಾತ್ರೆ ಅರ್ಧ ಖಾಲಿಯಾಗಿತ್ತು.

ಸಮಾಧಿ ಇಲ್ಲದ ಹೊಲ

ಕೆಲವು ದಿನ ದೆವ್ವ ಬೇಡ ಅಂತ ಹೊಲದ ಆಟ ಹಾಕಿಕೊಂಡೆ. ಉಳಬೇಕು, ಬಿತ್ತಬೇಕು, ಕೊಯ್ಯಬೇಕು. ನಾನು ಸಾಸಲಿನವಳು, ಅತ್ತೆ ಚನ್ನರಾಯಪಟ್ಟಣದ ಕಡೆಯವರು. ಇಬ್ಬರೂ ಹೊಲದಲ್ಲೇ ಬೆಳೆದವರು. ಅತ್ತೆಗೆ ತೋರಿಸಿದರೆ ಖುಷಿಯಾಗುತ್ತಾರೆ ಅಂದುಕೊಂಡೆ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ಎರಡು ನಿಮಿಷಕ್ಕೆ ಬೆಳೆ ಬಂತು?"

"ಹೂಂ ಅತ್ತೆ."

"ಹಂಗಾದ್ರೆ ತಿಂದೋರ ಹೊಟ್ಟೇಲೂ ಎರಡೇ ನಿಮಿಷ ಇರೋದು." ಆಮೇಲೆ ಬೆರಳಿನಿಂದ ಹೊಲವನ್ನು ಆ ಕಡೆ ಈ ಕಡೆ ಸರಿಸಿ ಏನೋ ಹುಡುಕಿದರು. "ಯಾರ್ನ ಹೂಳಿರೋದು ಇಲ್ಲಿ?"

ನಮ್ಮ ಕಡೆ ಮನೆಯ ಹಿರಿಯರನ್ನು ಸ್ವಂತ ಹೊಲದ ಮೂಲೆಯಲ್ಲೇ ಮಣ್ಣು ಮಾಡುವುದು. ಯಾವ ಹೊಲಕ್ಕೆ ಹೋದರೂ ಒಂದು ದಿಣ್ಣೆ, ಒಂದು ಕಲ್ಲು ಇದ್ದೇ ಇರುತ್ತದೆ.

"ಯಾರನ್ನೂ ಇಲ್ಲ ಅತ್ತೆ, ಇದು ಆಟ."

"ಒಂದು ಹೆಣಾನೂ ಇಲ್ದಿದ್ ಹೊಲ ಯಾರ್ದೂ ಅಲ್ಲ. ನಾಳೆ ಯಾವನೋ ಬಂದು ನಂದು ಅಂದ್ರೆ ಏನ್ ತೋರಿಸ್ತೀಯ?"

ಮುಂದಿನ ವಾರ ಆಟ ಅಪ್‌ಡೇಟ್ ಆಯಿತು. ತೆರೆದು ನೋಡಿದರೆ ನನ್ನ ಹೊಲವೇ ಇಲ್ಲ. ಬರೀ ಬಯಲು, ಅದರ ಮೇಲೆ ಗಾಳಿ ಬೀಸುವ ಸದ್ದು. ಅವತ್ತಿನಿಂದ ಅಡುಗೆಮನೆಯಲ್ಲಿ ಎದುರು ಸಿಕ್ಕಾಗಲೆಲ್ಲ ಅತ್ತೆಯದು ಒಂದೇ ಮಾತು. "ಒಂದು ಹೆಣ ಹೂಳಿದ್ರೆ ಉಳೀತಿತ್ತು."

ನಾಲ್ಕನೇ ದಿನ ಈಳಿಗೆಮಣೆಯಿಂದ ತಲೆ ಎತ್ತಿ ಕೇಳಿದೆ, "ಯಾರದ್ದು ಹೂಳ್ಲಿ ಅತ್ತೆ?"

ಆ ಮಾತು ಅಲ್ಲಿಗೆ ನಿಂತಿತು.

ಖಾಲಿ ಬಸ್ಸು

ಇದು ಚಿಕ್ಕದು. ಮಗಳಿಗೋಸ್ಕರ ಬಸ್ ಓಡಿಸುವ ಆಟ ಹಾಕಿದ್ದೆ. ಸ್ಟಾಪ್ ಬಂದಾಗ ನಿಲ್ಲಿಸಿ ಬಾಗಿಲು ತೆಗೆಯಬೇಕು. ತೆಗೆದರೆ ಯಾರೂ ಇಲ್ಲ. ಬಾಗಿಲು ಮುಚ್ಚಿದರೆ ಮೇಲಿನ ಮೂಲೆಯಲ್ಲಿ ಪ್ರಯಾಣಿಕರ ಲೆಕ್ಕ ಮಾತ್ರ ಏರುತ್ತದೆ. ಒಂದು, ನಾಲ್ಕು, ಒಂಬತ್ತು. ಸೀಟೆಲ್ಲ ಖಾಲಿ. ಆಗಾಗ ಯಾರೋ ಬೆಲ್ ಹೊಡೆಯುತ್ತಾರೆ.

"ನಿನ್ ಫೋನ್ ಹಳೇದು, ಜನರ ಚಿತ್ರ ಬರಲ್ಲ ಅಷ್ಟೇ" ಅಂದರು ನಮ್ಮನೆಯವರು. ಇರಬಹುದು. ನನಗಂತೂ ಬೆನ್ನು ತಣ್ಣಗಾಯಿತು. ಮಗಳು ಕಿರುಚಿಬಿಟ್ಟರೆ ಫೋನು ಹೋಯಿತಲ್ಲ ಅಂತ ಅವಳ ಮುಖವನ್ನೇ ನೋಡಿದೆ. ಅವಳು ಹೆದರಲಿಲ್ಲ. ಹಿಂದಕ್ಕೆ ತಿರುಗಿ, ನಮ್ಮ ಖಾಲಿ ಸೋಫಾ ಕಡೆ ನೋಡಿ ಗದರಿದಳು.

"ಒಳಗ್ ಹೋಗ್ರೀ, ಹಿಂದೆ ಜಾಗ ಐತೆ!"

ಬಾಗಿಲು

ಕೊನೆಯದು ಒಂದು ದೊಡ್ಡ ಹಳೇ ಮನೆಯ ಆಟ. ಯಾವ ದೇಶದ್ದೋ. ಅದರೊಳಗೆ ಸತ್ತ ಹೆಂಗಸೊಬ್ಬಳು ಬಾವಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾವಿಗೆ ತಿರುಗುತ್ತಿರುತ್ತಾಳೆ. ಏಳು ಬೀಗ ತೆಗೆದು ನಾವು ಮುಂಬಾಗಿಲಿನಿಂದ ಆಚೆ ಹೋಗಬೇಕು. ಆರು ತೆಗೆದಿದ್ದೆ. ಏಳನೆಯದಕ್ಕೆ ಕೀಲಿಯೇ ಇಲ್ಲ. ಹನ್ನೊಂದು ದಿನ ಒದ್ದಾಡಿದೆ, ಊರಲ್ಲಿರುವ ವಿಡಿಯೋ ಎಲ್ಲ ನೋಡಿದೆ, ಸುತ್ತಿಗೆಯಿಂದ ಹೊಡೆದೆ. ಸುತ್ತಿಗೆ ಮುರಿಯಿತು.

ಅವತ್ತು ಶನಿವಾರ, ಮಗಳಿಗೆ ಅರ್ಧ ದಿನ. ಅತ್ತೆ ಮಲಗದೆ ನನ್ನ ಪಕ್ಕ ಕೂತು ಅವರೆಕಾಳು ಹಿಚುಕುತ್ತಿದ್ದರು.

"ಆಯಮ್ಮ ಸತ್ತು ಎಷ್ಟು ದಿನ ಆಯ್ತು?"

"ನೂರು ವರ್ಷ ಅಂತ ಬರೆದಿದಾರೆ ಅತ್ತೆ."

"ಎಡೆ ಇಡ್ತಾವ್ರಾ?"

"ಯಾರು ಇಡ್ತಾರೆ? ಮನೇಲಿ ಯಾರೂ ಇಲ್ಲ."

ಅತ್ತೆ ಕಾಳು ಕೆಳಗೆ ಹಾಕಿದರು. "ನೂರು ವರ್ಷದಿಂದ ಉಪವಾಸ! ಅದಕ್ಕೇ ಅಡುಗೆಮನೆ ಬಾಗ್ಲಲ್ಲೇ ತಿರುಗ್ತಾವ್ಳೆ. ನೀನು ಸುತ್ತಿಗೆ ತಕಂಡು ಬಾಗ್ಲು ಹೊಡೀತಾ ಇದೀಯ. ನಿಮ್ಮವ್ವ ನಿಂಗೆ ಏನೂ ಕಲಿಸ್ಲಿಲ್ವಾ?"

ಎಡೆ ಇಡುವ ಕ್ರಮ ನಿಮಗೆ ಗೊತ್ತೇ ಇದೆ. ಸತ್ತವರ ಫೋಟೋ ಮುಂದೆ ದೀಪ ಹಚ್ಚಿ, ಊಟ ಇಟ್ಟು, ಎಲ್ಲರೂ ಆಚೆ ಬಂದು ಬಾಗಿಲು ಮುಚ್ಚಬೇಕು. ನಾವು ನೋಡುತ್ತಾ ನಿಂತರೆ ಅವರು ಉಣ್ಣುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಒಳಗೆ ಹೋಗಬೇಕು.

ಆಟದ ಅಡುಗೆಮನೆಯಲ್ಲಿ ತಟ್ಟೆ ಇತ್ತು, ಬನ್ನು ಇತ್ತು, ದೀಪ ಇತ್ತು. ಚಿಕ್ಕ ಕೋಣೆಯಲ್ಲಿ ಅವಳ ಫೋಟೋ ಇತ್ತು. ಎಲ್ಲ ತಂದು ಇಟ್ಟೆ. ಹನ್ನೊಂದು ದಿನದಿಂದ ನಾನು ಬಾಗಿಲು ತೆಗೆಯುವುದನ್ನೇ ಮಾಡಿದ್ದೆ. ಮುಚ್ಚಿ ನೋಡಿರಲಿಲ್ಲ.

"ತಡಿ" ಅಂದರು ಅತ್ತೆ. "ಬರೀ ಬನ್ನು ಯಾವ ಮೂಲೆಗೆ?" ಬೇಡ ಬೇಡ ಅಂದರೂ ಅಡುಗೆ ಮಾಡಿ ಬಾಳೆಲೆ ಹಾಸಿದರು. ಬಿಸಿ ಮುದ್ದೆ, ಹಿತಕವರೆ ಸಾರು, ಪಕ್ಕದಲ್ಲಿ ದೀಪ. ಫೋನನ್ನು ಡಬ್ಬಕ್ಕೆ ಒರಗಿಸಿ ಎಲೆ ಮುಂದೆ ನಿಲ್ಲಿಸಿದರು. ಆಟದ ಬಾಗಿಲನ್ನು ನಾನು ಮುಚ್ಚಿದೆ. ನಮ್ಮ ಕೋಣೆಯ ಬಾಗಿಲನ್ನು ಅತ್ತೆ ಮುಚ್ಚಿದರು. ಮೂವರೂ ಪಡಸಾಲೆಯಲ್ಲಿ ನಿಂತೆವು.

ಒಳಗೆ ನಿಶ್ಶಬ್ದ. ಆಮೇಲೆ ಕುರ್ಚಿ ಎಳೆದ ಸದ್ದು. ತಟ್ಟೆಯ ಸದ್ದು. ಫೋನಿನದೇ ಅಂತ ಗೊತ್ತಿದ್ದರೂ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಅಮ್ಮ, ಅವಳು ಕೈ ತೊಳ್ಕೊಂಡ್ಲಾ?" ಅಂದಳು ಮಗಳು.

"ಶ್" ಅಂದರು ಅತ್ತೆ.

ದೂರದಲ್ಲಿ ಚಿಲಕ ಬಿದ್ದ ಹಾಗೆ ಟಣ್ ಅಂದಿತು. ಏಳನೇ ಬೀಗ! ನಾನು ಕುಣಿಯಬೇಕು ಅನ್ನುವಷ್ಟರಲ್ಲಿ ಕೋಣೆಯೊಳಗಿಂದ ಗಂಡಸಿನ ದನಿಯಲ್ಲಿ ಅಯ್ಯಯ್ಯೋ ಅನ್ನುವ ಕಿರುಚಾಟ. ಬಾಗಿಲು ದೂಡಿದರೆ ನಮ್ಮನೆಯವರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಲೋಡಿಂಗ್ ಬೇಗ ಮುಗಿದಿತ್ತಂತೆ. ಬೂಟೆಲ್ಲ ಕೆಸರು ಅಂತ ಆ ಕೋಣೆಗೇ ತೆರೆಯುವ ಹಿತ್ತಲ ಬಾಗಿಲಿನಿಂದ ಬಂದಿದ್ದಾರೆ. ಕತ್ತಲು, ದೀಪ, ಎಲೆ. ಎಲೆಯಾಚೆ ಫೋನಿನಲ್ಲಿ ತಾನಾಗೇ ತೆರೆದ ಬಾಗಿಲು, ಊಟ ಮುಗಿಸಿ ತಲೆ ಎತ್ತುತ್ತಿರುವ ಹೆಂಗಸು.

"ಏನಿದು? ಯಾರ ತಿಥಿ?"

"ಒಬ್ರು ಪರಿಚಯದವರದು" ಅಂದೆ.

ಮಗಳು ನಿಧಾನವಾಗಿ ಹೇಳಿದಳು, "ಅಪ್ಪ ಕಿರುಚಿದ್ರು."

ನಮ್ಮನೆಯವರು ಅದು ಕಿರುಚಿದ್ದಲ್ಲ, ಕೆಮ್ಮಿದ್ದು ಅಂದರು. ಅತ್ತೆ ಕೈ ಚಾಚಿದರು. "ಹೆದರಿ ಕಿರುಚಿದ್ರೆ ಫೋನ್ ಹೋಗ್ಬೇಕು, ಯಾರೇ ಆಗ್ಲಿ ಅಂದೋನು ನೀನೇ. ಕಿರುಚಿದೋನು ತನ್ ಫೋನ್ ಇತ್ಲಾಗ್ ಕೊಡ್ಲಿ." ಸಂಜೆಯವರೆಗೂ ಅವರ ಫೋನು ಅತ್ತೆಯ ಸೊಂಟದಲ್ಲಿತ್ತು. ನನ್ನ ಫೋನು ಉಳಿಯಿತು.

ಎಲೆ ಎತ್ತಲು ಬಗ್ಗಿದೆ. ಮುದ್ದೆ ಒಂದು ಕಡೆ ಮುರಿದಿತ್ತು. ಸಾರಿನಲ್ಲಿ ಮೂರು ಬೆರಳು ಎಳೆದ ಗುರುತು.

"ತಿಂದ್ರಾ?" ಅಂತ ನಮ್ಮನೆಯವರನ್ನು ಕೇಳಿದೆ.

"ನಾನ್ಯಾಕ್ ತಿನ್ಲಿ? ಕೈ ನೋಡು." ಎರಡೂ ಅಂಗೈ ತೋರಿಸಿದರು, ಕಪ್ಪು ಗ್ರೀಸು. ಊಟದ ವಿಷಯದಲ್ಲಿ ಅವರ ಮಾತನ್ನು ನಾನು ಮದುವೆಯಾದಂದಿನಿಂದ ನಂಬಿಲ್ಲ. ಆದರೆ ಸಾರಿನಲ್ಲಿ ಗ್ರೀಸ್ ಇರಲಿಲ್ಲ. ಮಗಳೂ ಅತ್ತೆಯೂ ನನ್ನ ಜೊತೆಯೇ ಇದ್ದರು.

ಫೋನು ಉಳಿಯಿತು, ನನ್ನ ಮಧ್ಯಾಹ್ನ ಹೋಯಿತು. ಅತ್ತೆ ಈಗ ಎರಡು ಗಂಟೆಗೆ ಮಲಗುವುದಿಲ್ಲ, "ಹಾಕೇ ಅದನ್ನ" ಅನ್ನುತ್ತಾರೆ. ಸೋಮವಾರ ಆ ಆಟವನ್ನೇ ಮೊದಲಿನಿಂದ ಶುರು ಮಾಡಿದೆ. ಬಾವಿಯ ಹತ್ತಿರ ಅದೇ ಹೆಂಗಸು ತಿರುಗುತ್ತಿದ್ದಳು.

"ಇವ್ಳು ಮತ್ತೆ ಯಾಕ್ ಬಂದ್ಲು?"

"ಹೊಸದಾಗಿ ಶುರು ಮಾಡಿದ್ರೆ ಹಂಗೇ ಅತ್ತೆ. ಹಳೇದೆಲ್ಲ ಅಳಿಸಿಹೋಗುತ್ತೆ. ಇವಳು ಇನ್ನೂ ನೂರು ವರ್ಷದಿಂದ ಹಸ್ಕೊಂಡೇ ಇರೋದು."

"ಅಂದ್ರೆ ಇವ್ಳು ಉಂಡಿಲ್ಲ?"

"ಉಂಡಿಲ್ಲ."

ಅತ್ತೆ ಹಿಚುಕಿದ ಕಾಳನ್ನು ಬೆರಳ ಸಂದಿಯಲ್ಲೇ ಹಿಡಿದು, ಫೋನು ಬಿಟ್ಟು, ಎಡೆ ಇಟ್ಟಿದ್ದ ಕೋಣೆಯ ಬಾಗಿಲ ಕಡೆ ನೋಡಿದರು.

"ಹಂಗಾದ್ರೆ ಶನಿವಾರ ನಮ್ಮನೇಲಿ ಉಂಡೋರು ಯಾರೇ?"