ಕಂಪ್ಯೂಟರಿಗೆ ವಿಭೂತಿ ಹಚ್ಚಿದ ದಿನ

ನಮ್ಮ ದೊಡ್ಡ ನಾದಿನಿಯವರು ದೇವರನ್ನು ನಂಬುತ್ತಾರೆ, ನೆರೆಯವರನ್ನು ನಂಬುತ್ತಾರೆ, ಕಾಯಿಪಲ್ಲೆ ಮಾರುವವಳ ತಕ್ಕಡಿಯನ್ನೂ ನಂಬುತ್ತಾರೆ. ಬೇರೆಯವರು ಬಿಗಿದ ಸ್ಕ್ರೂ ಒಂದನ್ನು ಮಾತ್ರ ಜಪ್ಪಯ್ಯ ಎಂದರೂ ನಂಬುವುದಿಲ್ಲ! ಕಂಡರೆ ಬಿಚ್ಚಲೇಬೇಕು. ಒಳಗೆ ಇಣುಕಿ, "ಹಾಂ, ಬರೋಬ್ಬರಿ ಅದ" ಎಂದು ತಾವೇ ತಿರುಗಿ ಬಿಗಿದರೆ ಅವರ ಜೀವಕ್ಕೆ ಸಮಾಧಾನ.

ಅವರದು ಹುಮನಾಬಾದ್, ನಮ್ಮದು ಬಸವಕಲ್ಯಾಣ. ಅಕ್ಕಾರು ಕಲಿತದ್ದು ನಾಲ್ಕನೇ ಇಯತ್ತೆ. ಎಲೆ-ಅಡಿಕೆಯ ಸಂಚಿಯೊಳಗೆ, ಸುಣ್ಣದ ಡಬ್ಬಿಯ ಮಗ್ಗುಲಲ್ಲಿ, ಒಂದು ಗಿಡ್ಡ ಸ್ಕ್ರೂಡ್ರೈವರ್ ಸದಾ ಇರುತ್ತದೆ. ಎಲೆಗೆ ಸುಣ್ಣ ಹಚ್ಚುವುದೂ ಅದರಿಂದಲೇ ಎಂದು ನನಗೆ ಅನುಮಾನ. ಕೇಳುವ ಧೈರ್ಯ ಯಾರಿಗಿದೆ?

ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನದ ಕಥೆ ಕೇಳಬೇಕು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಹೆಂಗಸರೆಲ್ಲ ಜೋಗುಳ ಹಾಡಿ ಮುಗಿಸಿದರೂ ಅತ್ತೆಯ ಪತ್ತೆಯಿಲ್ಲ! ನೋಡಿದರೆ ತೊಟ್ಟಿಲ ಕೆಳಗೆ ಅಂಗಾತ ಮಲಗಿ ಏನನ್ನೋ ತಿರುವುತ್ತಿದ್ದಾರೆ. "ಅಕ್ಕಾರ, ಹೆಸರ ಹೇಳ್ರಿ" ಎಂದೆ. "ಹೆಸರ ಎಲ್ಲಿ ಓಡಿ ಹೋಗ್ತದ? ಮೊದಲ ತೊಟ್ಟಿಲ ಗಟ್ಟಿ ಆಗ್ಲಿ" ಎಂದು, ಕೊನೆಗೆ ಅಲ್ಲಿಂದಲೇ ಕೂಗಿದರು. ಲೋಕದಲ್ಲಿ ತನ್ನ ಹೆಸರನ್ನು ಮೊದಲ ಸಲ ತೊಟ್ಟಿಲಡಿಯಿಂದ ಕೇಳಿಸಿಕೊಂಡ ಕೂಸು ನನ್ನದೊಂದೇ ಇರಬೇಕು!

ಇನ್ನೊಮ್ಮೆ ಮುಡಬಿಗೆ ಹೋಗುವ ಆಟೋದಲ್ಲಿ ಸೀಟು ಅಲುಗಿತು. ಅಷ್ಟೇ ಸಾಕು, ಇವರು ಎಲ್ಲರನ್ನೂ ಎಬ್ಬಿಸಿ ಸೀಟಿನ ಬುಡಕ್ಕೆ ಕೈ ಹಾಕಿದರು.

"ಏ ಯಮ್ಮಾ, ಏನ್ ಮಾಡಾಕತ್ತೀರಿ? ಗಾಡಿ ನಂದದ!" ಎಂದು ಆಟೋದವ ಬಾಯಿ ಮಾಡಿದ.

"ಗಾಡಿ ನಿಂದೇ ಅದಪ್ಪಾ. ಸೊಂಟ ನಂದದ!"

ಇಂಥವರು ಮುಚ್ಚಿಹೋದ ಇಂಟರ್ನೆಟ್ ಅಂಗಡಿಯೊಂದರಿಂದ ಹಳೆಯ ಕಂಪ್ಯೂಟರ್ ಎರಡು ತಂದು, ಒಂದನ್ನು ತಮಗಿಟ್ಟುಕೊಂಡು ಒಂದನ್ನು ನಮಗೆ ಕೊಟ್ಟಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳು ಬುತ್ತಿ ಕಟ್ಟಿಸಿಕೊಂಡು ಹೋಗುವುದು ಲೋಕರೂಢಿ. ನಮ್ಮ ಅಕ್ಕಾರದು ಎಲ್ಲ ಉಲ್ಟಾ, ಬರುವಾಗಲೇ ಹೊತ್ತು ತರುತ್ತಾರೆ! ದೇವರು ಕೊಟ್ಟ ನಾದಿನಿ ಎಂದು ನಾನು ದಿನಾ ದೀಪದ ಮುಂದೆ ನೆನೆಯುತ್ತೇನೆ.

ಆದರೆ ಆ ಕಂಪ್ಯೂಟರಿನದು ನಿಧಾನವೆಂದರೆ ನಿಧಾನ. ಗುಂಡಿ ಒತ್ತಿ ರೊಟ್ಟಿ ಬಡಿಯಲು ಕೂತರೆ ಐದನೇ ರೊಟ್ಟಿ ಉಬ್ಬುವ ಹೊತ್ತಿಗೆ ತೆರೆ ಬೆಳಗುತ್ತಿತ್ತು. ನಗುವ ಮಾತಾಗಿದ್ದದ್ದು ಒಂದು ದಿನ ಅಳುವ ಮಾತಾಯಿತು. ಮಗಳು ಲ್ಯಾಬ್ ಟೆಕ್ನಿಶಿಯನ್ ಓದು ಮುಗಿಸಿದ್ದಳು. ಕಲಬುರಗಿಯ ಆಸ್ಪತ್ರೆಯೊಂದು ಕೆಲಸ ಕೊಡಲು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಒಬ್ಬಳೇ ಕೂತು ಪರೀಕ್ಷೆ ಬರೆಯಬೇಕೆಂದಿತ್ತು. ಏಳನೇ ಪ್ರಶ್ನೆಗೆ ಯಂತ್ರ ನಿಂತೇ ಹೋಯಿತು. ಮಗಳು ಕಾಗದ ಬರೆದು ಬೇಡಿಕೊಂಡ ಮೇಲೆ, ಇನ್ನೊಂದೇ ಅವಕಾಶ, ಸೋಮವಾರ ಹನ್ನೊಂದಕ್ಕೆ ಎಂದರು. ಅವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ನಾನು ಅಕ್ಕಾರಿಗೆ ಫೋನು ಹಚ್ಚಿದೆ. ಭಾನುವಾರ ಮೊದಲನೇ ಬಸ್ಸಿಗೇ ಬಂದಿಳಿದರು. ಪಕ್ಕದ ತಗಡು ಬಿಚ್ಚಿ ಒಳಗೆ ನೋಡಿ ತೀರ್ಪು ಕೊಟ್ಟರು.

"ಯಂತ್ರ ಖರಾಬ್ ಆಗಿಲ್ಲ ತಂಗಿ. ಪರಾತ ಸಣ್ಣದದ. ಸಣ್ಣ ಪರಾತದಾಗ ಎರಡು ಸೇರ ಹಿಟ್ಟ ಹ್ಯಾಂಗ ನಾದ್ತಿ? ಅದಕ್ಕ ಇದು ಬೇಕು."

ರೊಟ್ಟಿ ಸುತ್ತುವಂಥ ಬಟ್ಟೆಯನ್ನು ಬಿಡಿಸಿದರು. ಒಳಗೆ ಗೇಣಿಗಿಂತ ಗಿಡ್ಡ ಹಸಿರು ಪಟ್ಟಿ, ಅಂಚಿಗೆ ಬಂಗಾರದ ಬಣ್ಣದ ಹಲ್ಲಿನ ಸಾಲು. ಅದಕ್ಕೆ ರ‍್ಯಾಮ್ ಅನ್ನುತ್ತಾರಂತೆ.

"ಎಲ್ಲಿ ಸಿಕ್ತ್ರೀ ಅಕ್ಕಾರ?"

"ಸಿಕ್ತು. ನಾ ಕೈ ತೊಳಕೊಂಡ ಬರ್ತೀನಿ, ನೀನೇ ಕೂಡಸು. ಎಷ್ಟಂತ ನಾನೇ ಬರ್ಲಿ? ಜರಾ ಒತ್ತು, ಟಕ್ ಅಂತದ."

ನಾನು ಕೂಡಿಸಿದೆ. ಆದರೆ ಅದಕ್ಕೂ ಮೊದಲು ನಮ್ಮ ಮನೆಯ ಪದ್ಧತಿ ಬಿಡಲಾದೀತೇ? ಹೊಸ ಕೊಡ ಬರಲಿ, ಕುಡುಗೋಲು ಬರಲಿ, ವಿಭೂತಿ ಕಾಣದೆ ಕೆಲಸಕ್ಕೆ ಇಳಿದದ್ದಿಲ್ಲ. ಮಗಳ ಬದುಕನ್ನೇ ನಡೆಸಬೇಕಾದ ವಸ್ತುವನ್ನು ಬರೀ ಹಣೆಯಲ್ಲಿ ಕಳಿಸಲೇ? ನೀರಲ್ಲಿ ನೆನೆಸಿ ಮೂರು ಬೆರಳು ಎಳೆದೆ. ಹೊಳೆಯುತ್ತಿದ್ದ ಆ ಬಂಗಾರದ ಸಾಲೇ ಹಣೆ ಎಂದು ನನಗೆ ಕಂಡಿತ್ತು!

ಅಕ್ಕಾರು ಬಂದು ಗುಂಡಿ ಒತ್ತಿದರು. ತೆರೆ ಕಪ್ಪು. ಒಳಗಿನಿಂದ ಬೀಪ್, ಬೀಪ್ ಎಂದು ಒಂದೇ ಸಮನೆ ಅಳು. ಬಾಗಿಲಲ್ಲಿ ನಿಂತಿದ್ದ ಮಗಳು ಅಲ್ಲೇ ಗೋಡೆಗೆ ಒರಗಿ ಕೂತಳು.

"ಅಕ್ಕಾರ, ನಂದೇ ತಪ್ಪ್ರೀ. ವಿಭೂತಿ ಹಚ್ಚೀನಿ."

ಅವರು ಯಂತ್ರ ಆರಿಸಿ ಪಟ್ಟಿಯನ್ನು ಹೊರಗೆಳೆದು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆಂದುಕೊಂಡೆ. ಎಲೆಯ ಕೆಂಪು ಬಾಯಿ ತುಂಬ ನಕ್ಕುಬಿಟ್ಟರು!

"ಶಿವಾ! ಶಿವ ಎಲ್ಲಾ ಕಡೆ ಅದಾನ, ಖರೇ. ಆದ್ರ ಹಲ್ಲಿನ ಮ್ಯಾಲ ಕುಂದ್ರಸಬ್ಯಾಡವ್ವಾ, ಪಾಪ, ಅದು ಉಣ್ಣೋದು ಹ್ಯಾಂಗ?"

ಮಗಳ ಕಂಪಾಸಿನಿಂದ ರಬ್ಬರು ತರಿಸಿದರು. ತಪ್ಪು ಬರೆದದ್ದನ್ನು ಅಳಿಸುವ ಹಾಗೆ ಒಂದೊಂದೇ ಹಲ್ಲು ಉಜ್ಜಿದರು. ಒಣ ಕುಂಚದಿಂದ ಸಂದಿಯ ಧೂಳು ತೆಗೆದು, ಬಿಸಿಲಿಗೆ ಹಿಡಿದು, ಮತ್ತೆ ನನ್ನ ಕೈಗೇ ಕೊಟ್ಟರು. "ನೀನೇ ಕೂಡಸು. ಅಂಜಬ್ಯಾಡ."

ಟಕ್. ಗುಂಡಿ ಒತ್ತಿದರೆ ಈ ಸಲ ಅಳು ಇಲ್ಲ. ತೆರೆ ಬೆಳಗಿತು, ಹಿಟ್ಟಿನ ಡಬ್ಬಿ ತೆಗೆಯಲೂ ಹೊತ್ತು ಸಿಗಲಿಲ್ಲ! "ಈಗ ಹಚ್ಚು, ಕಂಪ್ಯೂಟರಿನ ಡಬ್ಬಿ ಮ್ಯಾಲ" ಎಂದು ಅವರೇ ವಿಭೂತಿಯ ಬಟ್ಟಲನ್ನು ನನ್ನ ಮುಂದೆ ಸರಿಸಿದರು.

ಸೋಮವಾರದ ಪರೀಕ್ಷೆ ಒಂದು ಕಡೆಯೂ ನಿಲ್ಲಲಿಲ್ಲ. ಕೆಲಸದ ಪತ್ರ ಬಂದ ದಿನ ಹೂರಣದ ಹೋಳಿಗೆ ಮಾಡಿಕೊಂಡು ತಾಯಿ-ಮಗಳು ಹುಮನಾಬಾದಿಗೆ ಹೋದೆವು. ಅಕ್ಕಾರು ತಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದರು. ಯಾರದೋ ಹೊಲಿಗೆ ಯಂತ್ರ ಕೆಟ್ಟಿತ್ತಂತೆ, ರಿಪೇರಿ ಹೇಗೆಂದು ಅದರಲ್ಲಿ ನೋಡಿ ಕಲಿಯಬೇಕು. ಈಚೆಗೆ ಅವರು ಹೊಸದಾಗಿ ಕಲಿತದ್ದೆಲ್ಲ ಅದರ ಮುಂದೆಯೇ. ತೆರೆಯ ಮೇಲೆ ಸಣ್ಣ ಚಕ್ರವೊಂದು ತಿರುಗುತ್ತಲೇ ಇತ್ತು.

"ಇದ್ಯಾಕ್ರೀ ಇಷ್ಟು ತಡ?"

"ಅದಕ್ಕೂ ವಯಸ್ಸಾಗ್ಯಾದ ಬಿಡು."

ಪಕ್ಕದ ತಗಡು ಎಂದಿನಂತೆ ತೆರೆದೇ ಇತ್ತು. ಮಗಳು ಬಗ್ಗಿ ನೋಡಿದವಳು ನನ್ನ ಸೆರಗು ಜಗ್ಗಿದಳು. ಪಟ್ಟಿ ಕೂರುವ ಜಾಗ ಎರಡು. ಒಂದರಲ್ಲಿ ಪಟ್ಟಿಯಿತ್ತು. ಇನ್ನೊಂದು ಖಾಲಿ, ಸುತ್ತೆಲ್ಲ ಧೂಳಿದ್ದರೂ ಅಲ್ಲಿ ಮಾತ್ರ ಸ್ವಚ್ಛ.

ನಾನು ಆ ಖಾಲಿ ಜಾಗವನ್ನು ನೋಡಿದೆ, ಅಕ್ಕಾರ ಮುಖವನ್ನು ನೋಡಿದೆ. ಅಕ್ಕಾರಿಗೆ ತಿಳಿಯಿತು.

"ಹಂಗ್ಯಾಕ ನೋಡ್ತಿ? ನಾ ಒಬ್ಬಾಕಿ. ನನಗ ಎರಡು ಯಾಕ ಬೇಕು?"

ಹೋಳಿಗೆಯ ಡಬ್ಬಿ ಬಿಚ್ಚಿ ಅವರ ಕೈಯಲ್ಲಿಟ್ಟೆ. ಮಗಳು ಒಂದು ಕಡೆ, ನಾನು ಇನ್ನೊಂದು ಕಡೆ ಅವರಿಗೆ ಒತ್ತಿ ಕೂತೆವು. ಚಕ್ರ ತಿರುಗುತ್ತಿತ್ತು. ತಿರುಗಲಿ ಎಂದುಕೊಂಡೆ. ನಮಗೇನೂ ಅವಸರವಿರಲಿಲ್ಲ.