ಪೂರ್ತಿ ಹೆಸರಿನಿಂದಲೇ ಕರೆಯತಕ್ಕದ್ದು

ಶಾಲೆಯ ಒಳಗೆ ಯಾರನ್ನೇ ಆಗಲಿ ಪೂರ್ತಿ ಹೆಸರಿನಿಂದ, ಸ್ಪಷ್ಟವಾಗಿ ಕರೆಯತಕ್ಕದ್ದು. ಮಾಲೂರಿನ ಈ ಶಾಲೆಗೆ ಪ್ರಿನ್ಸಿಪಾಲನಾಗಿ ಬಂದ ಹೊಸದರಲ್ಲೇ ನಾನು ಮಾಡಿದ ನಿಯಮ ಇದು. ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಪುಟ್ಟ, ಚಿನ್ನು ಎಂಬವರು ಯಾರೂ ಇರಲಿಲ್ಲ. ಇಲ್ಲಿ ಈ ನಿಯಮ ಮುರಿಯದವರು ಯಾರೂ ಇಲ್ಲ. ಈಗಲೂ ಯಾರಾದರೊಬ್ಬರು ಮುರಿಯುತ್ತಲೇ ಇರುತ್ತಾರೆ.

ನೀನು

ಆರನೇ ತರಗತಿಯಲ್ಲಿ ಋಷ್ಯಶೃಂಗ ಎಂಬ ಹುಡುಗನಿದ್ದಾನೆ. ಹುಟ್ಟಿದ ದಿನ ಜೋರು ಮಳೆ ಬಂತೆಂದು ಮಳೆ ತರಿಸಿದ ಋಷಿಯ ಹೆಸರಿಟ್ಟರಂತೆ. ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಶ್ರೀನಿವಾಸಪುರದ ಕಡೆಯ ಗಣಿತದ ಮೇಷ್ಟ್ರದು.

"ನಾಲಿಗೆ ಹೊರಳಲ್ಲ ಸಾರ್. ಎಂಥ ಲೆಕ್ಕ ಬೇಕಾದ್ರೂ ಕೊಡಿ, ಬಿಡಿಸ್ತೀನಿ."

"ಅಭ್ಯಾಸ ಮಾಡಿ" ಎಂದೆ.

ಮಾಡಲಿಲ್ಲ. ಹಾಜರಿ ಕೂಗುವಾಗ ಅವನ ಸರದಿ ಬಂದರೆ "ನೀನು" ಅನ್ನತೊಡಗಿದರು. ಹುಡುಗ ಜ್ವರ ಬಂದು ಮಲಗಿದ್ದ ದಿನ ನಾನು ಬಾಗಿಲಲ್ಲೇ ನಿಂತಿದ್ದೆ. ಮೇಷ್ಟ್ರು ತಲೆ ಎತ್ತದೆ "ನೀನು" ಎಂದರು. ಇಡೀ ತರಗತಿ "ಪ್ರೆಸೆಂಟ್ ಸಾರ್" ಎಂದಿತು.

ಗೊಬ್ಬರಕ್ಕೆ ತಕ್ಕ ಹೆಸರು

ನಮ್ಮ ಮಾಲಿ ತಿಪ್ಪಣ್ಣ. ಹಿಂದಿನ ಮಕ್ಕಳು ಉಳಿಯದಿದ್ದಾಗ, ಇವನನ್ನಾದರೂ ಮೃತ್ಯು ಮುಟ್ಟದಿರಲಿ ಎಂದು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು, ತಿಪ್ಪೆಯ ಹೆಸರನ್ನೇ ಇಟ್ಟರು. ಈಗ ಅವನು ಎಲೆ, ಸಗಣಿ ಸೇರಿಸಿ ಮಾಡುವ ಗೊಬ್ಬರಕ್ಕೆ ಊರೆಲ್ಲ ಬೇಡಿಕೆ. ವಾರ್ಷಿಕೋತ್ಸವದಲ್ಲಿ ಅವನಿಗೆ ಸನ್ಮಾನ ಇಟ್ಟೆವು.

ಮುಖ್ಯ ಅತಿಥಿ ನನ್ನ ಕಿವಿಯಲ್ಲಿ, "ಕೆಲಸ ನೋಡಿ ಅಡ್ಡಹೆಸರು ಇಟ್ಟಿದೀರಲ್ಲ, ತಪ್ಪಲ್ವಾ?" ಎಂದರು. ಅದೇ ಅವನ ಹೆಸರು ಎಂದರೂ ನಂಬದೆ, ಮೈಕಿನಲ್ಲಿ "ಶ್ರೀಯುತ ತಿಲಕ್ ಅವರು ವೇದಿಕೆಗೆ ಬರಬೇಕು" ಎಂದುಬಿಟ್ಟರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ತಿಪ್ಪಣ್ಣ. ಪಕ್ಕದವನನ್ನು ಕೇಳುತ್ತಿದ್ದ: "ಯಾರ್ಲಾ ಅದು, ಹೊಸಬ್ರಾ?"

ಏಳು ಬೆಟ್ಟದವನು

ಒಮ್ಮೆ ಯಾರೋ ಗೇಟಿನಲ್ಲಿ "ಪುಟ್ಟ" ಎಂದು ಕರೆದರು. ಬೇರೆ ಯಾರದೋ ಪುಟ್ಟ ಅವರ ಜೊತೆ ಹೊರಟು ಟೇಕಲ್ ಊರು ತಲುಪಿದ. ಅಂದಿನಿಂದ ಮಗುವನ್ನು ಕರೆದೊಯ್ಯಲು ಬಂದವರೇ ಮಗುವಿನ ಪೂರ್ತಿ ಹೆಸರು ಹೇಳಬೇಕು.

ಮೊನ್ನೆ ಮಧ್ಯಾಹ್ನ ಒಬ್ಬ ತಾಯಿ ಬಂದರು. ದೇವರಾಯಸಮುದ್ರದಲ್ಲಿ ತಂಗಿಯ ಮಗುವಿಗೆ ನಾಮಕರಣ, ಮಗನನ್ನು ಕರೆದುಕೊಂಡು ಹೋಗಬೇಕು. ಕೋಲಾರದ ಬಸ್ಸು ಎದುರಿಗೇ ನಿಂತಿತ್ತು.

"ಮಗನ ಹೆಸರು?" ಎಂದೆ.

"ಹೇಳಂಗಿಲ್ಲ ಸಾರ್. ನಮ್ಮ ಮಾವನೋರ ಹೆಸ್ರು."

ತಾತನ ಹೆಸರು ಮೊಮ್ಮಗನಿಗೆ, ಸರಿ. ಮಾವನ ಹೆಸರನ್ನು ಸೊಸೆ ಹೇಳಬಾರದು, ಅದೂ ಸರಿ. ನಿಯಮವೂ ಸರಿ.

ವಾಚ್‌ಮನ್ ಕರಗಿದ. "ಹೋಗ್ಲಿ, ಸೂಚನೆಯಾದ್ರೂ ಕೊಡಕ್ಕ."

"ಏಳು ಬೆಟ್ಟದ ಮೇಲಿರೋನ ಹೆಸ್ರಣ್ಣ."

ನಾನು ತಡೆಯುವ ಮೊದಲೇ ಅವನು ತರಗತಿಗಳಿಗೆ ಓಡಿದ. ತಿರುಪತಿ ಹತ್ತಿರದ ಸೀಮೆ ನಮ್ಮದು. ವೆಂಕಟೇಶ, ಶ್ರೀನಿವಾಸ, ಬಾಲಾಜಿ, ಗೋವಿಂದರಾಜ, ತಿರುಮಲೇಶ, ವೆಂಕಟರವಣಪ್ಪ, ಅರ್ಧ ಶಾಲೆ ಬಂದು ಗೇಟಿನ ಮುಂದೆ ಸಾಲಾಗಿ ನಿಂತಿತು.

"ಇವನೇ ಸಾರ್" ಎಂದು ಆಕೆ ಮಗನ ಭುಜ ಹಿಡಿದರು.

"ತೋರಿಸಿದರೆ ಸಾಲದು. ಹೆಸರು ಹೇಳಬೇಕು."

ಬಸ್ಸು ಹಾರನ್ ಹೊಡೆಯಿತು. ಆಕೆ ಮಾವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ವಿಷಯ ಕೇಳಿ ಮುದುಕರು, "ಚೆಪ್ಪಮ್ಮಾ, ಪರವಾಲೇದು. ನಾನೇ ಹೇಳ್ತಿದೀನಲ್ಲ, ನನ್ನ ಹೆಸ್ರು ಹೇಳು" ಎಂದರು.

"ನೀವು ಹೇಳಿದ್ರೂ ನನ್ನ ಬಾಯಲ್ಲಿ ಬರಲ್ಲ ಮಾವ."

ಮತ್ತೊಂದು ಹಾರನ್. ಆಕೆ ನನ್ನತ್ತ ತಿರುಗಿದರು. "ಸಾರ್, ನಿಮ್ಮ ಮನೆಯವ್ರು ನಿಮ್ಮನ್ನ ಏನಂತ ಕರೀತಾರೆ?"

ನನ್ನ ಹೆಂಡತಿ ನನ್ನನ್ನು "ರೀ" ಎಂದು ಕರೆಯುತ್ತಾಳೆ. "ನಿಯಮ ಅಂದರೆ ನಿಯಮ" ಎಂದೆ.

ಆಕೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಸಾಲನ್ನೊಮ್ಮೆ ನೋಡಿದರು. "ಹಂಗಾದ್ರೆ ಎಲ್ರನ್ನೂ ಕರ್ಕೊಂಡೋಗ್ತೀನಿ ಬಿಡಿ. ಎಲ್ರೂ ಆ ಏಳು ಬೆಟ್ಟದೋನ ಹೆಸರಿನೋರೇ. ನಾಮಕರಣದ ಊಟಕ್ಕೇನೂ ಕಮ್ಮಿಯಿಲ್ಲ" ಎಂದು ಸಾಲಿನ ತುದಿಯಿಂದ ಒಬ್ಬೊಬ್ಬನನ್ನೇ ಕೈ ಹಿಡಿದು ಬಸ್ಸು ಹತ್ತಿಸತೊಡಗಿದರು.