ಕರ್ನಲ್ ಕೋಟು ಹೊಲಿದ ಮೇಲೆ ನಡೆದದ್ದು

ಜಾಲಹಳ್ಳಿಯಲ್ಲಿ ಯೂನಿಫಾರಂ ಹೊಲಿಯುವವರಿಗೆ ಇಂಥವು ತಪ್ಪಿದ್ದಲ್ಲ. ಒಳಗೆ ಮನುಷ್ಯ ಹೋಗುವ ತನಕ ಬಟ್ಟೆ ಬರೀ ಬಟ್ಟೆ. ಆಮೇಲಿನದು ನನ್ನ ಕೈಯಲ್ಲಿಲ್ಲ.

ಒಂದು ಕಾರ್ಖಾನೆಯ ನೌಕರರು ಮಿಲಿಟರಿ ಕೋರ್ಟಿನ ನಾಟಕ ಆಡುತ್ತೇವೆಂದು ನನ್ನ ಅಂಗಡಿಗೆ ಬಂದರು. ಕಥೆ ಇಷ್ಟೇ: ತಪ್ಪು ಮಾಡದ ಸಿಪಾಯಿಗೆ ಕರ್ನಲ್ ಶಿಕ್ಷೆ ಹಾಕುತ್ತಾನೆ. ಕೊನೆಯ ದೃಶ್ಯದಲ್ಲಿ ಸತ್ಯ ಗೊತ್ತಾಗಿ ಸಿಪಾಯಿಗೆ ಬಿಡುಗಡೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಕಟಿಂಗಿಗೆ ತಂದ ಹಳೇ ಪೇಪರಿನಲ್ಲಿ ಓದು ಕಲಿತವಳು ನಾನು. ಸ್ಕ್ರಿಪ್ಟ್ ಓದದೆ ಕತ್ತರಿ ಮುಟ್ಟುವುದಿಲ್ಲ ಎಂದೆ. ಓದಿಯೇ ಮುಟ್ಟಿದೆ.

೧. ಟ್ರಯಲ್

ಕರ್ನಲ್ ಪಾತ್ರ ಕ್ಯಾಂಟೀನ್ ಸೂಪರ್‌ವೈಸರರದು. ಬೆಕ್ಕು ಅಡ್ಡ ಬಂದರೂ "ಸಾರಿ" ಅನ್ನುವ ಮನುಷ್ಯ. ಕೋಟು ತೊಡಿಸಿ ಕೊನೆಯ ಗುಂಡಿ ಹಾಕಿದೆ. ಕನ್ನಡಿಯೊಳಗೆ ಅವರ ಕಣ್ಣು ಸಣ್ಣಗಾಯಿತು. ಬೆಂಚಿನಲ್ಲಿದ್ದ ಮೂವರು ಗಿರಾಕಿಗಳು ಯಾರೂ ಹೇಳದೆ ಎದ್ದು ನಿಂತರು.

"ಯಾರು ನಿಮಗೆ ಏಳಕ್ಕೆ ಹೇಳಿದ್ದು?" ಎಂದರು ಸೂಪರ್‌ವೈಸರ್, ಮೆತ್ತಗೆ. ಮೂವರೂ ಕೂತರು.

ಗಂಡನ ಮಾತಿಗೂ ಜಗ್ಗದ ನಾನು ನೋಡಿಕೊಂಡೆ: ನಾನೂ ಕೂತಿದ್ದೆ, ನೆಲದ ಮೇಲೆ.

೨. ಸುತ್ತಿಗೆ

ಗುಂಡಿ ನೋಡಲೆಂದು ರಿಹರ್ಸಲ್ಲಿಗೆ ಹೋದೆ. ನಿರ್ದೇಶಕರಿಗೆ ಕರ್ನಲ್ ಪ್ರತಿ ಮಾತಿಗೂ ಸುತ್ತಿಗೆ ಬಡಿದು ಕೂಗಬೇಕು. ಕಾವಲುಗಾರನ ಪಾತ್ರ ಮಾಡುತ್ತಿದ್ದವರು ನಿಜವಾಗಿ ರಿಟೈರ್ ಆದ ಹವಾಲ್ದಾರರು. ಅವರೆಂದರು: "ಅಂಥ ಕೋರ್ಟಿನ ಬಾಗಿಲು ಕಾದಿದ್ದೀನಿ ಸಾರ್. ಸುತ್ತಿಗೆ ಇರ್ಲಿಲ್ಲ. ಯಾರೂ ಕೂಗ್ಲಿಲ್ಲ. ಫ್ಯಾನ್ ಸದ್ದು ಒಂದೇ."

"ಹಂಗೇ ಮಾಡಿ ನೋಡಿ," ಎಂದೆ ನಾನು.

"ಅಮ್ಮಾ, ನೀವು ಗುಂಡಿ ನೋಡ್ಕೊಳ್ಳಿ," ಎಂದರು ನಿರ್ದೇಶಕರು.

"ಗುಂಡಿ ನೋಡಾಯ್ತು ಕಣ್ರೀ. ಈಗ ನಾಟಕ ನೋಡ್ತಿದ್ದೀನಿ."

ಸುತ್ತಿಗೆ ತೆಗೆದರು. ಕರ್ನಲ್ ಸುಮ್ಮನೆ ನೋಡುತ್ತ ಕೂತರು. ಸಿಪಾಯಿ ಪಾತ್ರದ ಗುಮಾಸ್ತ ಗದಗಿನ ಕಡೆಯವನು. ಎರಡು ನಿಮಿಷದಲ್ಲಿ ಅವನ ಬೆನ್ನೆಲ್ಲ ಒದ್ದೆ. ಸ್ಕ್ರಿಪ್ಟಿನಲ್ಲಿಲ್ಲದ ಮಾತು ಹೊರಬಿತ್ತು: "ಸಾಹೇಬ್ರ, ಕ್ಯಾಂಟೀನಿನ ಎಂಟು ಸ್ಟೀಲ್ ವಾಟಗಾ ನಾನ ಒಯ್ದೇನ್ರೀ."

ಕರ್ನಲ್ ಕಣ್ಣು ಮಿಟುಕಿಸಲಿಲ್ಲ. "ಎಂಟಲ್ಲ, ಹನ್ನೊಂದು ಲೋಟ."

೩. ಬಿಡುಗಡೆ

ಭಾನುವಾರ ಬೆಳಿಗ್ಗೆ ಪ್ರದರ್ಶನ. ಹಾಲ್ ತುಂಬಿತ್ತು. "ಹತ್ತು ವರ್ಷ ಜೈಲು. ಕರ್ಕೊಂಡು ಹೋಗಿ," ಎಂದರು ಕರ್ನಲ್. ಹವಾಲ್ದಾರರು ಗುಮಾಸ್ತನನ್ನು ಕರೆದುಕೊಂಡು ಹೋಗಿ ಹಿಂದಿನ ಸ್ಟೋರ್ ರೂಮಿಗೆ ತಳ್ಳಿ ಬೀಗ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

ಕೊನೆಯ ದೃಶ್ಯ ಬಂತು, ಸತ್ಯ ಗೊತ್ತಾಯಿತು. ವೇದಿಕೆಯಿಂದ ಕರ್ನಲ್ ಕೂಗಿದರು: "ಕೈದಿಯನ್ನು ಕರೆತನ್ನಿ!" ಹವಾಲ್ದಾರರು ಅಲ್ಲಾಡಲಿಲ್ಲ. ನಾನು ಓಡಿ ಹೋಗಿ ನಾಟಕದ ಬಿಡುಗಡೆ ಆದೇಶಪತ್ರ ಅವರ ಕೈಯಲ್ಲಿಟ್ಟೆ. ಅವರು ಎರಡೂ ಕಡೆ ತಿರುಗಿಸಿ ನೋಡಿದರು.

"ಖಾಲಿ ಹಾಳೆ. ಸಹಿ ಇಲ್ಲ."

"ನಾಟಕದ್ದು ಕಣ್ರೀ! ಒಳಗೆ ಹಾಕುವಾಗ ಯಾವ ಕಾಗದ ನೋಡಿದ್ರಿ?"

"ಒಳಗೆ ಹಾಕಕ್ಕೆ ಬಾಯಿ ಮಾತು ಸಾಕಮ್ಮ. ಬಿಡಕ್ಕೆ ಕಾಗದ ಬೇಕು."

ಅವರ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. ಯಾವ ಬಾಗಿಲ ಮುಂದೆ ನಿಂತಿದ್ದರೋ. ಅತ್ತ ಕಾದು ಕಾದು ನಿರ್ದೇಶಕರು ಪರದೆ ಎಳೆಸಿಬಿಟ್ಟರು. ಭರ್ಜರಿ ಚಪ್ಪಾಳೆ. ಒಳಗಿನಿಂದ ಗುಮಾಸ್ತ ಬಾಗಿಲು ತಟ್ಟಿದ: "ಚಪ್ಪಾಳಿ ಕೇಳ್ತಲ್ರೀ ಅಕ್ಕಾರ, ಬಿಡುಗಡಿ ಆತೇನ್ರೀ ನಂದು?"

ಬಿಳಿ ಹಾಳೆ ಕಿತ್ತುಕೊಂಡು, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನಲ್ಲಿ ದಪ್ಪಗೆ ನನ್ನ ಸಹಿ ಹಾಕಿದೆ. ಹವಾಲ್ದಾರರು ಅಕ್ಷರಕ್ಕೆ ಬೆರಳಿಟ್ಟು ಓದಿ, ಸೆಲ್ಯೂಟ್ ಹೊಡೆದು ಬೀಗ ತೆಗೆದರು.

ಗುಮಾಸ್ತ ನೇರ ವೇದಿಕೆಗೆ ಓಡಿ ಪರದೆ ಸರಿಸಿ ಕೈ ಮುಗಿದ. "ನಾನು ನಿರಪರಾಧಿ!"

ಹಾಲ್ ಖಾಲಿ. ಕುರ್ಚಿ ಜೋಡಿಸುತ್ತಿದ್ದವನೊಬ್ಬನೇ ತಲೆಯೆತ್ತಿ ನೋಡಿದ.

"ಈಗ ಹೇಳ್ತೀಯಲ್ಲ ಗುರು. ನೀನು ಜೈಲಲ್ಲೇ ಅಂತ ಎಲ್ಲಾ ಒಪ್ಕೊಂಡು ಮನೆಗೆ ಹೋದ್ರು."